ಹತ್ತು ಸಾವಿರ ಜಾಸ್ತಿ ಸಿಗುತ್ತದೆ, ಬೆಂಗಳೂರಿಗೆ ಹೋಗೋಣವೇ?

ಪ್ರಶ್ನೆ: ಅಕ್ಕಾ, ನಾವು ಕಲಬುರಗಿಯವರು. ನಮ್ಮ ಮನೆಯವರು ಕಪನೂರಿನ ದಾಲ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ, ಪಗಾರ 17 ಸಾವಿರ. ಅತ್ತೆಯ ಸ್ವಂತ ಮನೆ, ಬಾಡಿಗೆ ಇಲ್ಲ. ನಾನು ಬ್ಲೌಸ್ ಹೊಲಿದು ತಿಂಗಳಿಗೆ 3 ಸಾವಿರ ದುಡಿಯುತ್ತೇನೆ. ಈಗ ಮೈದುನ ಬೆಂಗಳೂರಿನ ಪೀಣ್ಯದಲ್ಲಿ ಇವರಿಗೆ 27 ಸಾವಿರದ ಕೆಲಸ ನೋಡಿದ್ದಾನೆ. ಬಾಡಿಗೆ 9 ಸಾವಿರ, ಅಡ್ವಾನ್ಸ್ 60 ಸಾವಿರ. ಬಂಗಾರ ಒತ್ತೆ ಇಟ್ಟು ಹೋಗೋಣ ಅಂತಾರೆ ಇವರು. ಅಷ್ಟು ದೊಡ್ಡ ಊರಲ್ಲಿ ಇಷ್ಟರಲ್ಲೇ ಖುಷಿಯಾಗಿ ಇರಲು ಆಗುತ್ತಾ? ಮಗಳು ನಾಲ್ಕನೇ ಕ್ಲಾಸ್. ಅತ್ತೆಗೆ ಶುಗರ್ ಇದೆ.

ಉತ್ತರ: ಆಗುತ್ತದೆ ತಂಗಿ. ನಮ್ಮ ಭಾಗದವರೇ ಎಷ್ಟೋ ಮಂದಿ ಇದಕ್ಕಿಂತ ಕಡಿಮೆ ಪಗಾರದಲ್ಲಿ ಅಲ್ಲಿ ನಗುನಗುತ್ತಾ ಸಂಸಾರ ಮಾಡಿಕೊಂಡಿದ್ದಾರೆ. ಆದರೆ ನಿನ್ನ ಮೈದುನ ಕೊಟ್ಟಿರುವುದು ಅರ್ಧ ಲೆಕ್ಕ.

ಜಾಸ್ತಿ ಬರುವ ಹತ್ತರಲ್ಲಿ ಒಂಬತ್ತು ಬಾಡಿಗೆಗೇ ಹೋಯಿತು. ಆ 27 ಸಾವಿರ ಕೈಗೆ ಬರುವ ಮೊತ್ತವೋ, ಪಿಎಫ್ ಹಿಡಿಯುವ ಮುಂಚಿನದೋ? ಮೊದಲು ಅದನ್ನು ಕೇಳಲಿ. ನಿನ್ನ ಹೊಲಿಗೆಯ ಗಿರಾಕಿಗಳಂತೂ ಇಲ್ಲೇ ಉಳಿಯುತ್ತಾರೆ. ಹೊಸ ಓಣಿಯಲ್ಲಿ ನಿನ್ನ ಕೈಗುಣ ಗೊತ್ತಾಗಲು ಟೈಮ್ ಬೇಕು. ಅಲ್ಲಿಯವರೆಗೆ ನಿಮ್ಮ ಕೈ ಇಲ್ಲಿಗಿಂತ ಬಿಗಿಯಾಗಿಯೇ ಇರುತ್ತದೆ.

ಯಾರೂ ಎಣಿಸದ ಖರ್ಚು ಇನ್ನೊಂದಿದೆ. ಯಜಮಾನರ ಪಗಾರದಲ್ಲಿ ಇಎಸ್‌ಐ ಹಿಡಿಯುತ್ತಾರಾ ನೋಡು. ಹಿಡಿಯುತ್ತಿದ್ದರೆ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ನಿಮಗೆ ಮಾತ್ರ ಅಲ್ಲ, ಮಗನನ್ನೇ ನಂಬಿಕೊಂಡಿರುವ ಅತ್ತೆಗೂ ಚಿಕಿತ್ಸೆ ಸಿಗುತ್ತದೆ. ಇದಕ್ಕೆ ಪಗಾರದ ಮಿತಿ ಇದೆ. 2017ರಲ್ಲಿ ಅದನ್ನು 21 ಸಾವಿರಕ್ಕೆ ಏರಿಸಿದರು. 27 ಸಾವಿರ ಅದನ್ನು ದಾಟುತ್ತದೆ. ಆಮೇಲೆ ಶುಗರ್ ಗುಳಿಗೆ, ತಪಾಸಣೆ ಎಲ್ಲ ಕೈಯಿಂದಲೇ. ಹೊಸ ಕಂಪನಿ ಆರೋಗ್ಯ ವಿಮೆ ಕೊಡುತ್ತದಾ, ಅದರಲ್ಲಿ ತಾಯಿಯ ಹೆಸರೂ ಸೇರುತ್ತದಾ ಅಂತ ಕೇಳದೆ ಹ್ಞೂಂ ಅನ್ನಬೇಡಿ.

ಉಳಿಸುವ ದಾರಿಯೂ ಇವೆ. ಶಕ್ತಿ ಯೋಜನೆ ಬಿಎಂಟಿಸಿಯ ಸಾದಾ ಬಸ್ಸಿಗೂ ಇದೆ, ಎಸಿ ಬಸ್ಸಿಗೆ ಇಲ್ಲ. ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ. ಆದರೆ ಮನೆಗೆ ಬೇರೆ ಮೀಟರ್ ಇದೆಯಾ ನೋಡಿಯೇ ಒಪ್ಪಿಕೊಳ್ಳಿ. ಜೋಳ, ತೊಗರಿಬೇಳೆ ಊರಿಂದಲೇ ತರಿಸಿಕೋ. ಉದ್ಯಾನ ಎಕ್ಸ್‌ಪ್ರೆಸ್ಸಿಗೆ ಯಾರಾದರೂ ಬರುತ್ತಲೇ ಇರುತ್ತಾರೆ. ಕಟಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ತಿಂಗಳ ಕೊನೆಯ ವಾರ ಹೇಗೋ ದಾಟುತ್ತದೆ. ಭಾನುವಾರ ಕಬ್ಬನ್ ಪಾರ್ಕಿಗೆ ಹೋಗಿ, ಒಳಗೆ ಹೋಗಲು ಟಿಕೆಟ್ ಇಲ್ಲ. ಮಾಲಿನಲ್ಲಿ ಸುಮ್ನೆ ಅಡ್ಡಾಡುತ್ತೇವೆ ಅಂದರೂ ಮಗು ಪಾಪ್‌ಕಾರ್ನ್ ಕೇಳದೆ ಬಿಡುತ್ತದಾ?

ಬಂಗಾರ ಮಾತ್ರ ಮುಟ್ಟಬೇಡ. ಅಡ್ವಾನ್ಸ್ ರೊಕ್ಕ ಮನೆ ಬಿಡುವಾಗಲೇ ವಾಪಸ್ ಬರುವುದು, ಅದೂ ಪೇಂಟಿಂಗ್ ಅಂತ ಹೇಳಿ ಒಂದಿಷ್ಟು ಮುರಿದುಕೊಂಡು. ಅಲ್ಲಿಯವರೆಗೆ ಬಡ್ಡಿ ನಿನ್ನದು. ಯಜಮಾನರು ಮೊದಲು ಒಬ್ಬರೇ ಹೋಗಲಿ, ತಮ್ಮನ ಮನೆಯಲ್ಲೋ ಶೇರಿಂಗ್ ರೂಮಿನಲ್ಲೋ ಇರಲಿ. ಮಗಳ ಪರೀಕ್ಷೆ ಮುಗಿಯುವವರೆಗೆ ನೀನು ಇಲ್ಲೇ ಇರು. ಅವರು ಉಳಿಸಿದ ರೊಕ್ಕವೇ ಅಡ್ವಾನ್ಸ್ ಆಗಲಿ. ಒಬ್ಬರೇ ಇದ್ದಾಗಲೂ ಉಳಿಯದಿದ್ದರೆ, ಎಲ್ಲರೂ ಹೋದ ಮೇಲೆ ಎಲ್ಲಿಂದ ಉಳಿಯಬೇಕು?

ಅತ್ತೆಯ ವಿಚಾರ ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀ. ಅವರು ನಿಮ್ಮ ಜೊತೆ ಬರುತ್ತಾರಾ, ಇಲ್ಲೇ ಒಬ್ಬರೇ ಇರುತ್ತಾರಾ? ಅವರನ್ನು ಯಾರಾದರೂ ಕೇಳಿದ್ದೀರಾ? ಅವರೂ ಬರುವುದಾದರೆ 9 ಸಾವಿರದ ಆ ಮನೆ ಸಾಲುವುದಿಲ್ಲ. ಮೈದುನನಿಗೆ ಉತ್ತರ ಹೇಳುವ ಮೊದಲು ಅವರ ಹತ್ತಿರ ಕೂತು ಮಾತಾಡಿ.