1917ರ ವೆಬ್ಲಿ ರಿವಾಲ್ವರಿನಲ್ಲಿ 1915ರ ಕೆತ್ತನೆ ಹೇಗೆ ಬಂತು?

ಕೆತ್ತನೆ ಆಮೇಲೆ ಮಾಡಿಸಿದ್ದಿರಬೇಕು. ಲಂಡನ್ನಿನ ಹರಾಜಿನಲ್ಲಿ ನೀವು ನೋಡಿದ ವೆಬ್ಲಿ ಮಾರ್ಕ್ 6ರ ಫ್ರೇಮಿನಲ್ಲಿ 1917 ಎಂದಿದೆ, ಹಿಡಿಯ ಬೆಳ್ಳಿ ತಗಡಿನಲ್ಲಿ ಒಬ್ಬ ಅಧಿಕಾರಿಯ ಹೆಸರಿನ ಜೊತೆ ‘ಆರ್.ಜಿ.ಎ. 1915’ (ಆರ್.ಜಿ.ಎ. ಅವರ ಸೇನಾಪಡೆ). ಇಷ್ಟಕ್ಕೇ ನಕಲಿ ಅನ್ನಬೇಡಿ. 1915 ಆ ಅಧಿಕಾರಿ ಸೇನೆ ಸೇರಿದ ವರ್ಷವೂ ಆಗಿರಬಹುದು. ನಾನು ಪರಿಶೀಲಿಸಿದ ಒಂದು ಉಡುಗೊರೆ ರಿವಾಲ್ವರಿನಲ್ಲಿ ಹಾಗೇ ಇತ್ತು. ನಿಮ್ಮದು ಹೀಗೇ ಅಂತ ಫೋಟೊ ನೋಡಿ ಖಚಿತವಾಗಿ ಹೇಳಲಾಗದು.

ಮೊದಲು ಭೂತಗನ್ನಡಿ ಹಿಡಿದು ಅಕ್ಷರಗಳ ಅಂಚು ನೋಡಿ. ತಗಡು ಸವೆದಿದ್ದು ಅಕ್ಷರ ಮಾತ್ರ ಚೂಪಾಗಿದ್ದರೆ ಅನುಮಾನ ಪಡಿ. ಆಮೇಲೆ ಲೋಹದ ಮೇಲೆ ಬಾಣದ ಗುರುತು ಹುಡುಕಿ. ಅದು ಸರ್ಕಾರಿ ಆಸ್ತಿಯ ಮುದ್ರೆ. ಅಧಿಕಾರಿಗಳು ಸಾಮಾನ್ಯವಾಗಿ ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತಿದ್ದರು, ಅಂಥವುಗಳಲ್ಲಿ ಈ ಮುದ್ರೆ ಇರುವುದಿಲ್ಲ. ಎರಡು ಬಾಣಗಳು ತುದಿಗೆ ತುದಿ ತಾಗಿದ್ದರೆ, ಸೇನೆ ಅದನ್ನು ಮಾರಿದೆ ಎಂದರ್ಥ.

ತಗಡಿನಲ್ಲಿ ಅಧಿಕಾರಿಯ ಹೆಸರು ಇದೆ ಅಲ್ವಾ? ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಅಧಿಕಾರಿಗಳ ಸೇವಾ ದಾಖಲೆಗಳಿರುವ ಡಬ್ಲ್ಯೂಒ (ವಾರ್ ಆಫೀಸ್) 339 ಮತ್ತು 374 ಸರಣಿಗಳಲ್ಲಿ ಹುಡುಕಿ. ಆರ್.ಜಿ.ಎ. ಅಂದರೆ ರಾಯಲ್ ಗ್ಯಾರಿಸನ್ ಆರ್ಟಿಲರಿ, ಭಾರಿ ಫಿರಂಗಿಗಳ ಪಡೆ. 1924ರಲ್ಲಿ ಅದು ರಾಯಲ್ ಆರ್ಟಿಲರಿಯಲ್ಲಿ ವಿಲೀನವಾಯಿತು. ಹಾಗಾಗಿ ತಗಡಿನಲ್ಲಿ ಬೇರೆಲ್ಲಾದರೂ 1930ರ ದಶಕದ ಸೇವೆಯನ್ನು ಅದೇ ಹೆಸರಿನಲ್ಲಿ ಬರೆದಿದ್ದರೆ ಕೈಬಿಡಿ.

ಹಣ ಕಟ್ಟುವ ಮುಂಚೆ ಇನ್ನೊಂದು. ಹಳೆಯದು ಅಂದ ಮಾತ್ರಕ್ಕೆ ಬ್ರಿಟನ್ನಿನಲ್ಲಿ ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಇದರ .455 ತೋಟಾ, ಬಳಕೆ ತಪ್ಪಿದ ಕ್ಯಾಲಿಬರುಗಳ (ತೋಟಾ ಅಳತೆಗಳ) ಪಟ್ಟಿಯಲ್ಲಿಲ್ಲ. ಗುಂಡು ಹಾರದಂತೆ ನಿಷ್ಕ್ರಿಯಗೊಳಿಸಿದ್ದಕ್ಕೆ ಪ್ರಮಾಣಪತ್ರ ಇದೆಯಾ ಎಂದು ಹರಾಜಿನವರನ್ನು ಕೇಳಿ. ಇಲ್ಲದಿದ್ದರೆ ನಿಮ್ಮ ಪೊಲೀಸರ ಬಂದೂಕು ಪರವಾನಗಿ ವಿಭಾಗಕ್ಕೆ ಮೊದಲು ಬರೆಯಿರಿ.