ಕುಡಿಸಿದವನ ತಪ್ಪು, ಭಯ ಮಾತ್ರ ನಿಮಗೆ

ಪ್ರಶ್ನೆ: ಗಾರ್ಮೆಂಟ್ಸ್ ಕೆಲಸದವಳು ನಾನು, ಗಂಡ ಬಿಟ್ಟಿದ್ದಾನೆ. ಹೋದ ತಿಂಗಳು ಪರಿಚಯದವನೊಬ್ಬ ಕುಡಿಸಿ, ಎಚ್ಚರ ತಪ್ಪಿದಾಗ ಕಾಂಡೋಮ್ ಇಲ್ಲದೆ ಕೂಡಿದ. ಎಚ್‌ಐವಿ ಬಂದಿರಬಹುದಾ? ಯಾರಿಗೂ ಹೇಳಿಲ್ಲ.

ಉತ್ತರ: ನೋಡಿ, ತಪ್ಪು ನಿಮ್ಮದಲ್ಲ. ಎಚ್ಚರ ಇಲ್ಲದವಳ ಜೊತೆ ಕೂಡುವುದು ಅತ್ಯಾಚಾರವೇ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ನೆರವು ಸಿಗುತ್ತದೆ. ಒಂದೇ ಸಲಕ್ಕೆ ಎಚ್‌ಐವಿ ಬಂದೇ ಬರುತ್ತದೆ ಅಂತಿಲ್ಲ, ಆದರೆ ಸುಮ್ನೆ ಊಹಿಸುತ್ತಾ ಕೂರಬೇಡಿ. ಜಿಲ್ಲಾ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ, ಪರೀಕ್ಷೆಯ ಕೇಂದ್ರ) ಪರೀಕ್ಷೆ ಉಚಿತ, ಗುಟ್ಟಾಗಿಯೂ ಇಡುತ್ತಾರೆ. ಈಗೊಮ್ಮೆ, ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಿ. ಸಿಫಿಲಿಸ್ (ಕೂಡುವುದರಿಂದ ಹರಡುವ ಇನ್ನೊಂದು ರೋಗ), ಗರ್ಭದ ಪರೀಕ್ಷೆಯನ್ನೂ ಕೇಳಿ. ಇಂಥದ್ದಾದ 72 ಗಂಟೆಯೊಳಗೆ ಆಸ್ಪತ್ರೆಗೆ ಹೋದರೆ ಎಚ್‌ಐವಿ ತಡೆಯುವ 28 ದಿನದ ಮಾತ್ರೆ ಶುರು ಮಾಡಬಹುದು, ಇದು ಎಷ್ಟೋ ಹೆಂಗಸರಿಗೆ ಗೊತ್ತೇ ಇಲ್ಲ ಅನ್ನೋದೇ ನನಗೆ ಸಂಕಟ. ನೋವು ಮರೆಯಲು ಈಗಲೂ ಕುಡಿಯುತ್ತಿದ್ದರೆ ಕೌನ್ಸೆಲರ್ ಹತ್ತಿರ ಅದನ್ನೂ ಹೇಳಿ. ಎಚ್‌ಐವಿ ಬಗ್ಗೆ ಕೇಳಲು 1097 ಇದೆ, ಕರೆ ಉಚಿತ.