ಸದ್ದಿಲ್ಲದ ಚೀಲಕ್ಕೆ ಯಾವ ಬಟ್ಟೆ?

ಪ್ರಶ್ನೆ: ಪರವಾನಗಿ ಪಡೆದು ಬೇಟೆಗೆ ಹೋಗುವ ನನ್ನ ತಮ್ಮನಿಗಾಗಿ, ದುರ್ಬೀನು, ಟಾರ್ಚು, ಚಾಕು ಮುಂತಾದವನ್ನು ಇಟ್ಟುಕೊಂಡು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಳ್ಳುವಂಥ ಚೀಲಗಳನ್ನು ಮನೆಯ ಹೊಲಿಗೆ ಯಂತ್ರದಲ್ಲಿಯೇ ಹೊಲಿದುಕೊಟ್ಟಿದ್ದೆ. ಮಳೆ ತಡೆಯಲೆಂದು ಒಳಮೈಗೆ ಲೇಪನವಿರುವ ದಪ್ಪ ನೈಲಾನ್ ಬಟ್ಟೆ ಬಳಸಿದ್ದೆ. ಚೀಲ ಗಟ್ಟಿಯಾಗಿಯೇ ಇದೆ. ಆದರೆ ಕೈ ತಗುಲಿದರೆ ಸಾಕು, ಪರಪರ ಎನ್ನುತ್ತದೆ, ಜಿಂಕೆ ಕಿವಿ ನಿಮಿರಿಸಿಬಿಡುತ್ತದೆ ಎಂದು ಅವನು ಹೇಳುತ್ತಾನೆ. ಸದ್ದು ಮಾಡದ ಬಟ್ಟೆಯನ್ನು ಆರಿಸುವುದು ಹೇಗೆ?

ಉತ್ತರ: ನಿಮ್ಮ ತಮ್ಮನ ದೂರು ನ್ಯಾಯವಾದದ್ದು, ತಪ್ಪಿರುವುದು ನಿಮ್ಮ ಹೊಲಿಗೆಯಲ್ಲಲ್ಲ, ಬಟ್ಟೆಯ ಲೇಪನದಲ್ಲಿ. ನೈಲಾನಿನ ಹಿಂಬದಿಗೆ ಬಳಿದ ಪಾಲಿಯುರಥೇನ್ ಪದರವು ತೆಳುವಾದ ಹಾಳೆಯಂತೆ ವರ್ತಿಸುತ್ತದೆ; ಬಟ್ಟೆ ಬಾಗಿದಾಗಲೆಲ್ಲ ಆ ಹಾಳೆ ಸುಕ್ಕಾಗಿ, ಸುಕ್ಕು ಬಿಚ್ಚಿಕೊಳ್ಳುವಾಗ ಸಣ್ಣದಾಗಿ ಸಿಡಿಯುತ್ತದೆ. ಚಳಿ ಹೆಚ್ಚಿದಷ್ಟೂ ಪದರ ಬಿರುಸಾಗಿ ಸದ್ದು ಜೋರಾಗುತ್ತದೆ. ಇದರ ಜೊತೆಗೆ, ನುಣುಪಾದ ಎಳೆಗಳನ್ನು ಒತ್ತಾಗಿ ನೇಯ್ದ ಬಟ್ಟೆಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಏಣುಗಳಿರುತ್ತವೆ. ಅವು ಅಂಗಿಗೋ ಪೊದೆಯ ಕಡ್ಡಿಗೋ ಉಜ್ಜಿದಾಗ ಹೊರಡುವ ಸರಸರ ಸದ್ದು ಎತ್ತರದ ಸ್ಥಾಯಿಯದು. ಮನುಷ್ಯನ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ, ಜಿಂಕೆಗೆ ಅದಕ್ಕೂ ಮೇಲೆ ಕೇಳಿಸುತ್ತದೆ. ಆದ್ದರಿಂದ ನಮಗೆ ಪಿಸುಮಾತಿನಂತೆ ತೋರುವ ಸದ್ದು ಅದಕ್ಕೆ ನಮಗಿಂತ ಸ್ಪಷ್ಟವಾಗಿ ಮುಟ್ಟುತ್ತದೆ ಎಂದೇ ಭಾವಿಸಿ ಹೊಲಿಯುವುದು ಒಳ್ಳೆಯದು.

ಹಾಗಾಗಿ ಹೊರಮೈಗೆ ಬೇಕಾದದ್ದು ರೋಮವೆದ್ದಿರುವ, ಲೇಪನವಿಲ್ಲದ, ಹಿಂಡಿದರೆ ಸುಕ್ಕಾಗದೆ ಮೆತ್ತಗೆ ಮಡಚಿಕೊಳ್ಳುವ ಬಟ್ಟೆ. ಎದ್ದುನಿಂತ ಸಣ್ಣ ರೋಮಗಳು ಎರಡು ಮೇಲ್ಮೈಗಳ ನಡುವೆ ಮೆತ್ತೆಯಾಗಿ ನಿಂತು, ಏಣಿಗೆ ಏಣು ತಾಗದಂತೆ ತಡೆಯುತ್ತವೆ. ಹೊಸದಾಗಿ ಹೊಲಿಯುವವರಿಗೆ ಪಾಲಿಯೆಸ್ಟರ್ ಫ್ಲೀಸ್ ಸುಲಭದ ಆಯ್ಕೆ: ಅಂಚು ಬಿಚ್ಚಿಕೊಳ್ಳುವುದಿಲ್ಲ, ಬೇಗ ಒಣಗುತ್ತದೆ, ಉಜ್ಜಿದರೂ ಸದ್ದು ಬಾರದು. ಚದರ ಮೀಟರಿಗೆ 200 ಗ್ರಾಂ ತೂಗುವ ಫ್ಲೀಸ್ ಸಣ್ಣ ಚೀಲಗಳಿಗೆ ಸಾಕು. ಅದರ ದೋಷವೆಂದರೆ ಹಿಗ್ಗುವುದು, ಮತ್ತು ಅಂಟುವ ಹುಲ್ಲಿನ ಬೀಜಗಳನ್ನೆಲ್ಲ ಹಿಡಿದುಕೊಳ್ಳುವುದು. ಮುಳ್ಳುಪೊದೆಗಳಿರುವ ಕಡೆ ಇದು ದೊಡ್ಡ ಕಿರಿಕಿರಿಯೇ ಸರಿ.

ನನ್ನನ್ನು ಕೇಳಿದರೆ ಮೊದಲ ಸ್ಥಾನ ಉಣ್ಣೆಗೆ. ನೇಯ್ದ ಮೇಲೆ ಬಿಸಿನೀರಿನಲ್ಲಿ ಕುಗ್ಗಿಸಿ, ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿದ ದಪ್ಪ ಉಣ್ಣೆಯ ಬಟ್ಟೆ ಒದ್ದೆಯಾದಾಗಲೂ ಮೆತ್ತಗೇ ಇರುತ್ತದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಕೈಗೆ ಹಸಿ ಎನಿಸುವುದಿಲ್ಲ. ಹಳೆಯ ಉಣ್ಣೆಯ ಕೋಟೊಂದನ್ನು ಬಿಚ್ಚಿ ನನ್ನ ದುರ್ಬೀನಿಗೆ ಚೀಲ ಹೊಲಿದು ಹಲವು ವರ್ಷಗಳಾದವು. ಅದರ ಮುಚ್ಚಳದ ಅಂಚು ಬೆರಳು ತಾಗಿ ತಾಗಿ ನುಣುಪಾಗಿದೆ, ಒಂದು ಮೂಲೆಯಲ್ಲಿ ನುಸಿ ತಿಂದ ಎರಡು ತೂತುಗಳಿವೆ. ಆದರೂ ಮರಕ್ಕೊರಗಿ ಕುಳಿತು ದುರ್ಬೀನನ್ನು ಹೊರತೆಗೆಯುವಾಗ ನನಗೇ ಸದ್ದು ಕೇಳಿಸುವುದಿಲ್ಲ. ಭಾರ ಮತ್ತು ನುಸಿಯ ಕಾಟ, ಈ ಎರಡನ್ನು ಸಹಿಸಿಕೊಂಡರೆ ಉಣ್ಣೆಗೆ ಸಮನಾದದ್ದಿಲ್ಲ.

ಹತ್ತಿಯ ಕ್ಯಾನ್ವಾಸ್ ಹೊಸದಾಗಿದ್ದಾಗ ಗಂಜಿಯ ಬಿರುಸಿನಿಂದ ಸದ್ದು ಮಾಡುತ್ತದೆ. ಕತ್ತರಿಸುವ ಮೊದಲೇ ಮೂರು ನಾಲ್ಕು ಸಲ ಒಗೆದರೆ ಮೆತ್ತಗಾಗುತ್ತದೆ, ಕುಗ್ಗುವುದೂ ಆಗಲೇ ಮುಗಿದಿರುತ್ತದೆ. ಆದರೆ ನೆನೆದರೆ ಮತ್ತೆ ಬಿರುಸಾಗುತ್ತದೆ. ಮೇಣ ಬಳಿದ ಕ್ಯಾನ್ವಾಸ್ ಚಳಿಯಲ್ಲಿ ಹಲಗೆಯಂತಾಗುತ್ತದೆ. ಕಾರ್ಡುರಾಯ್ ನೋಡಲು ಮೆತ್ತಗಿದ್ದರೂ ಅದರ ಗೆರೆಗೆ ಗೆರೆ ಉಜ್ಜಿದಾಗ ಸದ್ದು ಬರುತ್ತದೆ, ಅದನ್ನು ಬಿಡಿ.

ಅಂಗಡಿಯಲ್ಲಿ ಬಟ್ಟೆಯ ಹೆಸರನ್ನು ನಂಬಬೇಡಿ, ಕಿವಿಯನ್ನು ನಂಬಿ. ಬಟ್ಟೆಯ ಮೂಲೆಯನ್ನು ಕಿವಿಯ ಹತ್ತಿರ ಹಿಡಿದು ಮುಷ್ಟಿಯಲ್ಲಿ ಹಿಂಡಿ ಬಿಡಿ. ಆಮೇಲೆ ಅದನ್ನು ಅದಕ್ಕೇ ಉಜ್ಜಿ. ಕೊನೆಗೆ ಉಗುರಿನಿಂದ ಗೀಚಿ. ಅಂಗಡಿಯ ಗದ್ದಲದಲ್ಲಿ ಎಲ್ಲವೂ ಮೌನವಾಗಿಯೇ ತೋರುವುದರಿಂದ, ಅಂಗೈಯಗಲದ ತುಂಡೊಂದನ್ನು ಮನೆಗೆ ತಂದು ರಾತ್ರಿ ಪಂಖ ನಿಲ್ಲಿಸಿ ಇನ್ನೊಮ್ಮೆ ಪರೀಕ್ಷಿಸಿ. ಚಳಿಯಲ್ಲಿ ಬಳಸುವುದಾದರೆ ಅದೇ ತುಂಡನ್ನು ಒಂದು ಗಂಟೆ ಫ್ರೀಜರ್‌ನಲ್ಲಿಟ್ಟು ತೆಗೆದು ಹಿಂಡಿ ನೋಡಿ. ಎಷ್ಟೋ ಬಟ್ಟೆಗಳ ಬಣ್ಣ ಬಯಲಾಗುವುದು ಆಗಲೇ.

ಪ್ರಶ್ನೆ: ಫ್ಲೀಸ್ ಮೆತ್ತಗಿದ್ದರೆ ಭಾರ ತಡೆಯುವುದು ಹೇಗೆ? ಮಳೆಗೆ ಏನು ಮಾಡುವುದು? ಹಳೆಯ ನೈಲಾನ್ ಬಟ್ಟೆ ಇನ್ನೂ ಎರಡು ಮೀಟರ್ ಉಳಿದಿದೆ.

ಉತ್ತರ: ಅದನ್ನು ಎಸೆಯಬೇಡಿ. ಗಟ್ಟಿತನಕ್ಕೂ ನೀರು ತಡೆಯುವುದಕ್ಕೂ ಅದನ್ನೇ ನಡುವಿನ ಪದರವಾಗಿ ಇಟ್ಟು, ಹೊರಗೂ ಒಳಗೂ ಫ್ಲೀಸ್ ಹಾಕಿ ಹೊಲಿಯಿರಿ. ಸುಕ್ಕಾಗಲು ಜಾಗವಿರದಂತೆ ಮೂರನ್ನೂ ಅಂಚಿನ ಸುತ್ತ ಬಿಗಿಯಾಗಿ ಸೇರಿಸಿದರೆ ನೈಲಾನಿನ ಸದ್ದು ಬಹುಮಟ್ಟಿಗೆ ಅಡಗುತ್ತದೆ. ಆದರೆ ಹೊಲಿಗೆಯ ತೂತುಗಳಲ್ಲಿ ನೀರು ಇಳಿಯುವುದರಿಂದ ಇದು ತುಂತುರಿಗೆ ಸಾಕೇ ಹೊರತು ಜಡಿಮಳೆಗಲ್ಲ. ಬೆಲ್ಟಿನ ಕುಣಿಕೆಯನ್ನು ಫ್ಲೀಸಿಗಷ್ಟೇ ಹೊಲಿಯದೆ ನೈಲಾನಿನವರೆಗೆ ಸೂಜಿ ಇಳಿಸಿ ಹೊಲಿಯಬೇಕು, ಇಲ್ಲವಾದರೆ ಭಾರಕ್ಕೆ ಫ್ಲೀಸ್ ಜೋಲುತ್ತದೆ. ಇಷ್ಟು ಪದರಗಳಿಗೆ 16ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ ಮತ್ತು ಮೂರರಿಂದ ಮೂರೂವರೆ ಮಿಲಿಮೀಟರ್ ಉದ್ದದ ಹೊಲಿಗೆ ಹೊಂದುತ್ತವೆ. ಹತ್ತಿಯ ದಾರ ತೇವಕ್ಕೆ ಕೊಳೆಯುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಚಾಕುವನ್ನು ಯಾವ ಬಟ್ಟೆಯ ಚೀಲದಲ್ಲಿಯೂ ಹಾಗೆಯೇ ಇಡಬಾರದು. ಬಿದ್ದಾಗ ಅಥವಾ ಬಾಗಿದಾಗ ಅದರ ಮೊನೆ ಮೂರು ಪದರಗಳನ್ನೂ ಸೀಳಿ ತೊಡೆಗೆ ಇಳಿಯಬಲ್ಲದು. ಮೊದಲು ದಪ್ಪ ಚರ್ಮದ ಒರೆ, ಅದರ ಮೇಲೆ ಬೇಕಿದ್ದರೆ ಫ್ಲೀಸಿನ ಹೊದಿಕೆ.

ಪ್ರಶ್ನೆ: ಮುಚ್ಚಳಕ್ಕೆ ವೆಲ್ಕ್ರೋ ಹಾಕಬಹುದೆ?

ಉತ್ತರ: ಬೇಡ. ನೀವು ಎಂಥ ಬಟ್ಟೆಯನ್ನು ಆರಿಸಿದ್ದರೂ ವೆಲ್ಕ್ರೋ ಒಮ್ಮೆ ಪರ್ರೆಂದು ಬಿಚ್ಚಿಕೊಂಡರೆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆಯೇ. ಒತ್ತುಗುಂಡಿ ಚಟ್ ಎನ್ನುತ್ತದೆ. ಅಯಸ್ಕಾಂತದ ಗುಂಡಿಯ ಎರಡು ಭಾಗಗಳು ಟಕ್ಕೆಂದು ಕೂಡಿಕೊಳ್ಳುವುದಲ್ಲದೆ, ಪಕ್ಕದಲ್ಲಿ ದಿಕ್ಸೂಚಿ ಇದ್ದರೆ ಅದನ್ನೂ ದಾರಿ ತಪ್ಪಿಸುತ್ತವೆ. ಮರದ ಉದ್ದ ಗುಂಡಿಗೆ ಹೆಣೆದ ದಾರದ ಕುಣಿಕೆ ಹಾಕುವುದು ಎಲ್ಲಕ್ಕಿಂತ ಮೇಲು. ಕೈಗವಸು ತೊಟ್ಟಿದ್ದರೂ ಬಿಚ್ಚಲು ಬರುತ್ತದೆ. ಝಿಪ್ ಇರಲೇಬೇಕೆಂದಾದರೆ ಲೋಹದ ಹಲ್ಲಿನದನ್ನು ಬಿಟ್ಟು ಸುರುಳಿ ಹಲ್ಲಿನ ನೈಲಾನ್ ಝಿಪ್ ಹಾಕಿ, ಎಳೆಯುವ ಲೋಹದ ತುಂಡನ್ನು ತೆಗೆದು ಅಲ್ಲಿ ದಾರದ ಗಂಟು ಕಟ್ಟಿ. ಇನ್ನು, ಒಂದೇ ಚೀಲದಲ್ಲಿ ಎರಡು ಗಟ್ಟಿ ವಸ್ತುಗಳಿದ್ದರೆ ನಡುವೆ ಫ್ಲೀಸಿನ ಗೋಡೆಯೊಂದನ್ನು ಹೊಲಿಯಿರಿ. ಹೊಲಿದು ಮುಗಿದ ಮೇಲೆ ಚೀಲ ತುಂಬಿ, ಬೆಲ್ಟಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿಳಿಯಲು ತಮ್ಮನಿಗೆ ಹೇಳಿ, ನೀವು ಕೆಳಗೆ ನಿಂತು ಕಣ್ಣು ಮುಚ್ಚಿ ಕೇಳಿ. ಎಲ್ಲಿಂದ ಸದ್ದು ಬಂತೋ ಆ ಜಾಗಕ್ಕೆ ಇನ್ನೊಂದು ತುಂಡು ಫ್ಲೀಸ್ ಹೊಲಿಯಿರಿ.